ಹಗ್ಗದಿಂದ ಇಳಿದ ಎಂಟು ವರ್ಷಗಳ ಮೇಲೆ

ಪ್ರಶ್ನೆ: ನನಗೆ 29 ವರ್ಷ. ಐದನೇ ತರಗತಿಯಿಂದ ಪದವಿ ಮುಗಿಯುವವರೆಗೆ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಹಗ್ಗದ ಮಲ್ಲಕಂಬ (ತೂಗುವ ಹಗ್ಗವನ್ನೇರಿ ಅದರ ಮೇಲೆ ಆಸನ ಕಟ್ಟುವ ಕಸರತ್ತು) ಮತ್ತು ಯೋಗಾಸನಗಳನ್ನು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಭ್ಯಾಸ ಮಾಡಿದವಳು. ಈಗ ಎಂಟು ವರ್ಷಗಳಿಂದ ಉಡುಪಿಯ ಬ್ಯಾಂಕೊಂದರಲ್ಲಿ ಕೆಲಸ. ಅಭ್ಯಾಸ ಪೂರ್ತಿ ನಿಂತಿದೆ. ಕಳೆದ ತಿಂಗಳು ನಮ್ಮ ಗುರುಗಳು ಫೋನ್ ಮಾಡಿ, ಡಿಸೆಂಬರಿನಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರದರ್ಶನವಿದೆ, ನೀನು ಬರಲೇಬೇಕು ಎಂದರು. ಅಂದು ರಾತ್ರಿ ಬಾಗಿಲು ಹಾಕಿಕೊಂಡು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ನೇರ ಚಾಚಿ ನೆಲಕ್ಕೆ ಕೂರುವ ಹನುಮಾನಾಸನಕ್ಕೆ ಇಳಿದೆ. ನೆಲ ಒಂದು ಗೇಣು ಕೆಳಗೇ ಉಳಿಯಿತು. ಆಮೇಲೆ ಪ್ರತಿ ರಾತ್ರಿ ಒತ್ತಿ ಒತ್ತಿ ನೋಡುತ್ತಿದ್ದೇನೆ. ಈಗ ಕುರ್ಚಿಯಲ್ಲಿ ಕೂತರೆ ಪೃಷ್ಠದ ಕೆಳಗೆ ನೋವು. "ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ" ಎಂದು ನನ್ನ ಗಂಡ ಕೇಳುತ್ತಾರೆ. ಕಲಿತದ್ದೆಲ್ಲ ಸುಳ್ಳಾಯಿತೇ? ಪ್ರದರ್ಶನಕ್ಕೆ ಹೋಗಲೇ, ಬಿಡಲೇ?
– ಹೆಸರು ಬೇಡ, ಉಡುಪಿ

ಉತ್ತರ: ಮೊದಲು ನೋವಿನ ಮಾತು. ಇಂದು ರಾತ್ರಿಯಿಂದಲೇ ಆ ಒತ್ತಾಯವನ್ನು ನಿಲ್ಲಿಸಿ. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂರುವಾಗ ಭಾರ ಬೀಳುವ ಮೂಳೆಗೆ ಬಂದು ಅಂಟಿಕೊಳ್ಳುತ್ತವೆ. ಸಿದ್ಧತೆಯಿಲ್ಲದೆ ಹನುಮಾನಾಸನಕ್ಕೆ ಇಳಿದರೆ ಆ ಅಂಟಿನ ಜಾಗದ ಮೇಲೂ ಜೋರಾದ ಎಳೆತ ಬೀಳುತ್ತದೆ. ರಾತ್ರಿ ಎಳೆದದ್ದನ್ನು ಹಗಲಿಡೀ ಬ್ಯಾಂಕಿನ ಕುರ್ಚಿ ಒತ್ತುತ್ತಿರುತ್ತದೆ. ಅಲ್ಲಿ ಒಮ್ಮೆ ಗಟ್ಟಿಯಾಗಿ ಕೂತ ನೋವು ಬೇಗ ಬಿಟ್ಟುಹೋಗುವಂಥದ್ದಲ್ಲ. ಈ ವಾರವೇ ಮೂಳೆತಜ್ಞರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ. ಕಾಲಿನುದ್ದಕ್ಕೂ ಜೋಮು ಅಥವಾ ಝುಮ್ಮೆನ್ನುವುದು ಇದ್ದರೆ ಅದನ್ನು ಮುಚ್ಚಿಡದೆ ಹೇಳಿ, ಏಕೆಂದರೆ ಆಗ ನರದ ಕಡೆಗೂ ನೋಡಬೇಕಾಗುತ್ತದೆ.

ನಿಮ್ಮ ಮೈ ಬಾಗದಿರುವುದಕ್ಕೆ ವಯಸ್ಸನ್ನು ದೂರುವುದು ಸರಿಯಲ್ಲ. ಉಜ್ಬೇಕಿಸ್ತಾನದ ಜಿಮ್ನಾಸ್ಟ್ ಒಕ್ಸಾನಾ ಚುಸೊವಿಟಿನಾ 1992ರಿಂದ ಏಳು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿ, ಎಂಟನೆಯದಾಗಿ 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟಕ್ಕೆ ಬಂದಾಗ ಅವರಿಗೆ 46 ವರ್ಷ. ಅವರು ಅಭ್ಯಾಸವನ್ನೇ ಬದುಕಾಗಿಸಿಕೊಂಡವರು. ನೀವು ಬೇರೆ ಬದುಕನ್ನು ಆರಿಸಿಕೊಂಡಿರಿ. ವ್ಯತ್ಯಾಸವಿರುವುದು ಅಲ್ಲಿ. ನಮ್ಮ ಸ್ನಾಯುಗಳಲ್ಲಿ ಎಳೆತವನ್ನು ಅಳೆದು ಬೆನ್ನುಹುರಿಗೆ ತಿಳಿಸುವ ಸೂಕ್ಷ್ಮ ಅಂಗಗಳಿವೆ, ಮತ್ತು ಗೊತ್ತಿಲ್ಲದ ಎಳೆತ ಬಂದಾಗ ನರಮಂಡಲ ಸ್ನಾಯುವನ್ನು ಬಿಗಿದು ಕೀಲನ್ನು ಕಾಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಳ ಹನ್ನೊಂದು ವರ್ಷಗಳ ಅಭ್ಯಾಸದಲ್ಲಿ ನೀವು ಗಳಿಸಿದ್ದರ ದೊಡ್ಡ ಪಾಲು ಈ ಕಾವಲಿನ ಒಪ್ಪಿಗೆ: ಇಷ್ಟು ದೂರ ಹೋದರೂ ಅಪಾಯವಿಲ್ಲವೆಂದು ನಿಮ್ಮ ನರಮಂಡಲಕ್ಕೆ ದಿನವೂ ಮನವರಿಕೆಯಾಗುತ್ತಿತ್ತು. ಅಭ್ಯಾಸ ನಿಂತ ಕೆಲವು ವಾರಗಳಲ್ಲೇ ಆ ಒಪ್ಪಿಗೆ ಹಿಂದೆ ಸರಿಯತೊಡಗುತ್ತದೆ. ಅದರ ಮೇಲೆ, ಹೆಚ್ಚು ಹೊತ್ತು ಗಿಡ್ಡವಾಗಿಯೇ ಇರುವ ಸ್ನಾಯು ಆ ಅಳತೆಗೇ ಹೊಂದಿಕೊಳ್ಳುತ್ತದೆ. ಮಂಡಿ ಮಡಚಿ ಕೂತ ಎಂಟು ವರ್ಷಗಳು ಅದನ್ನು ಮಾಡಿರಬಹುದು. ನಮ್ಮ ಅಜ್ಜಿಯಂದಿರು ಯಾವ ಆಸನವನ್ನೂ ಕಲಿಯದೆ ಎಪ್ಪತ್ತರಲ್ಲಿಯೂ ನೆಲಕ್ಕೆ ಕೂತು ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದುದು, ಅದನ್ನು ಒಂದು ದಿನವೂ ಬಿಡದಿದ್ದುದರಿಂದ.

ಹೋಗದೆ ಉಳಿದದ್ದೂ ಇದೆ, ಮತ್ತು ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗವನ್ನು ಹಿಡಿದು ಮೇಲಕ್ಕೇರುವ ಕ್ರಮ, ಗಾಳಿಯಲ್ಲಿ ತಲೆಕೆಳಗಾದಾಗ ಮೈ ಎಲ್ಲಿದೆ ಎಂಬ ಅರಿವು, ಯಾವ ಸುತ್ತಿನ ಮೇಲೆ ಭಾರ ಬಿಡಬಹುದೆಂಬ ಅಂದಾಜು ಇವೆಲ್ಲ ಈಜಿನಂತೆ ಕಲಿತ ಚಲನೆಗಳು; ವರ್ಷಗಳು ಕಳೆದರೂ ಅಳಿಸಿಹೋಗುವುದಿಲ್ಲ. ಅಪಾಯವಿರುವುದು ಸಹ ಅಲ್ಲಿಯೇ. ನಿಮ್ಮ ನೆನಪು ಇಪ್ಪತ್ತೊಂದರ ಹುಡುಗಿಯದು, ಇಂದಿನ ಹಿಡಿತ ಮತ್ತು ಭುಜದ ಬಲ ಅವಳದಲ್ಲ. ಕಾಲ್ಬೆರಳ ಸಂದಿಯ ಜಡ್ಡು ಕೂಡ ಮೆತ್ತಗಾಗಿರುತ್ತದೆ. ಗುರುಗಳು ಎದುರಿಗಿಲ್ಲದೆ, ಕೆಳಗೆ ಮ್ಯಾಟ್ ಇಲ್ಲದೆ ದಯವಿಟ್ಟು ಹಗ್ಗ ಮುಟ್ಟಬೇಡಿ.

ನೋವು ಇಳಿದು, ವೈದ್ಯರು ಒಪ್ಪಿದ ಮೇಲೆ ನಿಧಾನವಾಗಿ ಆರಂಭಿಸಬಹುದು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವ ಅಳತೆ ನಿಮಗೆ ತೀರಾ ಸಣ್ಣದೆನಿಸಬಹುದು: ವಾರಕ್ಕೆ ಕನಿಷ್ಠ 2–3 ದಿನ, ಒಂದು ಎಳೆತವನ್ನು 10–30 ಸೆಕೆಂಡು ಹಿಡಿದು, ಪ್ರತಿ ಎಳೆತಕ್ಕೂ ಒಟ್ಟು 60 ಸೆಕೆಂಡಿನಷ್ಟು. ನಿಮ್ಮೂರಿನ ಅಜ್ಜರಕಾಡು ಮೈದಾನದಲ್ಲಿ ಹತ್ತು ನಿಮಿಷ ಬಿರುಸಾಗಿ ನಡೆದು ಮೈ ಬಿಸಿಯಾದ ಮೇಲೆ ಮಾಡಿ; ತಣ್ಣಗಿನ ಮೈಯನ್ನು ರಾತ್ರಿ ಹನ್ನೊಂದಕ್ಕೆ ಎಳೆಯುವುದು ಬೇಡ. ಬರಿಯ ಎಳೆತಕ್ಕಿಂತ ಬಲದ ವ್ಯಾಯಾಮಕ್ಕೆ ಹೆಚ್ಚು ಗಮನ ಕೊಡಿ ಎಂಬುದು ನನ್ನ ಸಲಹೆ. ಕೈಯಲ್ಲಿ ತುಸು ಭಾರ ಹಿಡಿದು, ಮಂಡಿ ಸ್ವಲ್ಪ ಮಡಚಿ, ಸೊಂಟದಿಂದ ನಿಧಾನವಾಗಿ ಬಾಗಿ ಏಳುವಂಥ ಅಭ್ಯಾಸಗಳು ಸ್ನಾಯುವನ್ನು ಬಲಪಡಿಸುತ್ತಲೇ ಅದರ ಬಾಗುವ ಮಿತಿಯನ್ನೂ ಹಿಗ್ಗಿಸುತ್ತವೆ. ಇದಕ್ಕೆ ತಿಂಗಳುಗಳು ಬೇಕು. ದಿನಕ್ಕೆ ನಾಲ್ಕು ಗಂಟೆ ಕೊಟ್ಟು ಪಡೆದದ್ದು ವಾರಕ್ಕೆ ಎರಡು ಗಂಟೆಯಲ್ಲಿ ಪೂರ್ತಿಯಾಗಿ ಮರಳುತ್ತದೆಂದು ನಾನು ಮಾತು ಕೊಡಲಾರೆ.

ಇನ್ನು ನೀವು ಬಾಗಿಲು ಹಾಕಿಕೊಂಡ ವಿಷಯ. ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಕಾಡಿದ ಮಾತು ಅದು. ಭರತನಾಟ್ಯ ಬಿಟ್ಟ ಹಲವು ವರ್ಷಗಳ ಮೇಲೆ ನಾನೂ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮಂಡಿ ಬಾಗಿಸಿ ಅರ್ಧ ಕೂರುವ ಅರಮಂಡಿಗೆ ಕೂತು, ತೊಡೆ ನಡುಗಿ, ಅಲ್ಲೇ ನೆಲದ ಮೇಲೆ ಅತ್ತಿದ್ದೇನೆ. ಹತ್ತನೇ ವಯಸ್ಸಿನಿಂದ ಊರಿನವರೂ ಗುರುಗಳೂ ನಿಮ್ಮನ್ನು ಗುರುತಿಸಿದ್ದು ಈ ಮೈಯ ಮೂಲಕ. ಅದು ಮಾತು ಕೇಳದಾದಾಗ ಆಗುವ ದುಃಖ ನಿಜವಾದ ದುಃಖ, ಅದನ್ನು ಸಣ್ಣದೆಂದು ಯಾರೂ ತಳ್ಳಿಹಾಕಬಾರದು. ಆದರೆ ನಿಮ್ಮ ಗಂಡ ಅದನ್ನು ತಳ್ಳಿಹಾಕುತ್ತಿದ್ದಾರೆಂದು ನನಗೆ ಖಚಿತವಿಲ್ಲ. ಅವರು ನಿಮ್ಮನ್ನು ಬ್ಯಾಂಕಿನ ಉದ್ಯೋಗಿಯಾಗಿಯೇ ಕಂಡವರಿರಬಹುದು, ಹಗ್ಗದ ಮೇಲೆ ಎಂದೂ ಕಂಡಿರಲಿಕ್ಕಿಲ್ಲ. ಹಾಸ್ಟೆಲಿನ ದಿನಗಳ ಫೋಟೊಗಳಿದ್ದರೆ ಒಂದು ಸಂಜೆ ಅವರ ಪಕ್ಕದಲ್ಲಿ ಕೂತು ತೋರಿಸಿ, ಪ್ರತಿಯೊಂದರಲ್ಲಿ ನೀವು ಏನು ಮಾಡುತ್ತಿದ್ದೀರೆಂದು ಹೇಳಿ. ನೋವಿದೆ ಎಂಬುದನ್ನೂ ಆಗಲೇ ಹೇಳಿಬಿಡಿ.

ಪ್ರದರ್ಶನಕ್ಕೆ ಹೋಗಿ ಎಂದೇ ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಗುರುಗಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ: ಎಂಟು ವರ್ಷ ಅಭ್ಯಾಸವಿಲ್ಲ, ಕಾಲಿಗೆ ಪೆಟ್ಟಾಗಿದೆ, ಹನುಮಾನಾಸನ ಆಗುವುದಿಲ್ಲ, ನನಗೆ ಯಾವ ಕೆಲಸ ಕೊಡುತ್ತೀರಿ? ಮಕ್ಕಳಿಗೆ ಮಲ್ಲಕಂಬ ಕಲಿಸಿದ ಯಾವ ಗುರುವಿಗೂ ಇದು ಹೊಸ ಮಾತಾಗಿರಲಾರದು. ವೈದ್ಯರು ಒಪ್ಪಿದರೆ ಎರಡಾಳೆತ್ತರ ಏರಿ ಒಂದು ಸರಳ ಆಸನವನ್ನು ಕಟ್ಟಿ ಇಳಿಯಬಹುದು; ಒಪ್ಪದಿದ್ದರೆ, ಮೊದಲ ಸಲ ಸಭೆಯ ಮುಂದೆ ಹಗ್ಗ ಹಿಡಿಯಲಿರುವ ಐದನೇ ತರಗತಿಯ ಹುಡುಗಿಯರ ಜೊತೆ ನಿಂತು, ಅವರ ಕಾಲ್ಬೆರಳ ಹಿಡಿತ ಸರಿಯಾಗಿದೆಯೇ ಎಂದು ಒಮ್ಮೆ ನೋಡಿ ಕಳುಹಿಸಲು ನಿಮ್ಮಂಥವರು ಅಲ್ಲಿ ಬೇಕಾಗುತ್ತದೆ.