ಗಾಡಿ ಪ್ರಶ್ನೆ–ಉತ್ತರ: ಎಳೆಯೋದಿರಲಿ, ನಿಲ್ಲುತ್ತಾ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಟ್ರೇಲರ್ ಎಳೆಯೋಕೆ ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ಬೇಕು, ಕೈಯಲ್ಲಿ ದುಡ್ಡು ಕಮ್ಮಿ, ಏನು ನೋಡಿ ಕೊಳ್ಳಬೇಕು? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ನಮ್ಮ ಟ್ರೇಲರ್ ಸಾಮಾನು ತುಂಬಿದ ಮೇಲೆ 2500 ಕೆಜಿ ತೂಗುತ್ತೆ. ನೋಡಿಟ್ಟಿರೋ ಪಿಕಪ್ಪಿನ ಜಾಹೀರಾತಲ್ಲಿ 3500 ಕೆಜಿ ಎಳೆಯುತ್ತೆ ಅಂತಿದೆ. ಇನ್ನೂ ಸಾವಿರ ಕೆಜಿ ಮಿಗುತ್ತೆ, ಕಣ್ಣು ಮುಚ್ಚಿ ತಗೋಬಹುದು ಅಲ್ವಾ? ಮನೆಯಲ್ಲಿ ನಾವು ನಾಲ್ಕು ಜನ.

ಉತ್ತರ: ಕಣ್ಣು ಬಿಟ್ಟುಕೊಂಡೇ ತಗೊಳ್ಳಿ. ನೀವು ನೋಡಿದ್ದು ಎಳೆಯುವ ಲೆಕ್ಕ ಮಾತ್ರ. ಗಾಡಿ ತನ್ನ ಬೆನ್ನ ಮೇಲೆ ಎಷ್ಟು ಹೊರುತ್ತೆ ಅನ್ನೋದು ಬೇರೆ ಲೆಕ್ಕ, ಮತ್ತು ಬಹಳ ಸಲ ಮೊದಲು ಮುಗಿದುಹೋಗೋದು ಅದೇ.

ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಹತ್ತಿರ ಒಂದು ಸ್ಟಿಕ್ಕರ್ ಇರುತ್ತೆ, ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ ಒಂದು ತಗಡಿನ ಪಟ್ಟಿ. ಗಾಡಿಯ ಒಟ್ಟು ತೂಕದ ಮಿತಿ ಅದರಲ್ಲಿ ಬರೆದಿರುತ್ತೆ. ಅದು 2900 ಕೆಜಿ ಅಂತಿಟ್ಟುಕೊಳ್ಳಿ. ಖಾಲಿ ಗಾಡಿಯ ತೂಕ 2250. ಅಲ್ಲಿಗೆ ಹೊರೋಕೆ ಉಳಿದದ್ದು 650 ಕೆಜಿ. ಇನ್ನು ಟ್ರೇಲರ್ ಬರೀ ಹಿಂದಿನಿಂದ ಜಗ್ಗೋದಿಲ್ಲ, ಅದರ ಮೂತಿ ನಿಮ್ಮ ಗಾಡಿಯ ಹಿಂಭಾಗದ ಮೇಲೆ ಕೂರುತ್ತೆ. ಹಿಂದಿನ ಕೊಕ್ಕೆಗೆ ಸಿಕ್ಕಿಸುವ ಭಾರಿ ಟ್ರೇಲರ್ ಆದರೆ ಅದರ ತೂಕದ ನೂರಕ್ಕೆ 10ರಿಂದ 15 ಭಾಗ ಹೀಗೆ ಕೂರಬೇಕು ಅನ್ನೋದು ಸಾಮಾನ್ಯ ಲೆಕ್ಕ. (ಕೆಲವು ದೇಶಗಳ ಹಗುರ ಟ್ರೇಲರ್‌ಗಳಿಗೆ ಇನ್ನೂ ಕಡಿಮೆ ಹೇಳಿರುತ್ತಾರೆ, ನಿಮ್ಮ ಟ್ರೇಲರ್ ಮೇಲೆ ಬರೆದಿದ್ದನ್ನೇ ನಂಬಿ.) ನೂರಕ್ಕೆ 12 ಅಂದರೂ 2500ಕ್ಕೆ 300 ಕೆಜಿ ಆಯ್ತು. ತಲೆಗೆ 70ರಂತೆ ನಾಲ್ಕು ಜನ ಅಂದರೆ 280. ಉಳಿದದ್ದು ಬರೀ 70 ಕೆಜಿ! ಕೊಕ್ಕೆಯ ಕಬ್ಬಿಣ, ಒಂದು ಟೂಲ್ ಬಾಕ್ಸ್, ನಾಲ್ಕು ಬ್ಯಾಗು ಇಟ್ಟರೆ ಅದೂ ಮುಗೀತು. ಸಾವಿರ ಕೆಜಿ ಮಿಗುತ್ತೆ ಅಂದುಕೊಂಡ ಗಾಡಿ ಹೊರಡೋ ಮುಂಚೆನೇ ತುಂಬಿ ಹೋಯ್ತು ನೋಡಿ. ಇದರ ಜೊತೆಗೆ ಗಾಡಿ, ಟ್ರೇಲರ್ ಎರಡೂ ಸೇರಿ ಎಷ್ಟಿರಬಹುದು ಅಂತ ಮೂರನೇ ಮಿತಿಯೊಂದಿದೆ, ಅದು ಗಾಡಿಯ ಕೈಪಿಡಿಯಲ್ಲಿ ಸಿಗುತ್ತೆ.

ಜಾಹೀರಾತಿನ ಅಂಕಿಯ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಎಸ್‌ಎಇ ಜೆ2807 ಅನ್ನೋ, ಗಾಡಿ ಎಂಜಿನಿಯರ್‌ಗಳ ಸಂಘ ಮಾಡಿದ ಪರೀಕ್ಷಾ ನಿಯಮ ಇದೆ. ಎಳೆಯುವ ಮಿತಿ ಹೇಳಬೇಕಾದರೆ ಆರಿಜೋನಾದ ಡೇವಿಸ್ ಡ್ಯಾಮ್ ಏರಿನಂಥ ಉದ್ದದ ಏರನ್ನು ಎಸಿ ಹಾಕಿಕೊಂಡೇ ಹತ್ತಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು, ಅಂಕುಡೊಂಕಾಗಿ ಓಲಾಡಬಾರದು. ಪಿಕಪ್ ಕಂಪನಿಗಳು ಇದನ್ನು ಒಪ್ಪಿಕೊಂಡದ್ದು 2010ರ ದಶಕದಲ್ಲಿ, ಅದೂ ಒಂದೊಂದಾಗಿ. ಅದಕ್ಕೂ ಮುಂಚೆ ಅವರವರ ಲೆಕ್ಕ ಅವರವರಿಗೆ. ಹಾಗಾಗಿ ಹಳೇ ಗಾಡಿಯ ದೊಡ್ಡ ಅಂಕಿಯನ್ನೂ ಹೊಸ ಗಾಡಿಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಡಿ. ಅಲ್ಲದೆ ಆ ಪರೀಕ್ಷೆಯಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯೋದು ಇಬ್ಬರನ್ನು ಮಾತ್ರ. ನೀವು ನಾಲ್ವರು.

ಪ್ರಶ್ನೆ: ಗಾಡಿ ಹೊರಗಿಂದ ಪಳಪಳ ಹೊಳೀತಿದೆ. ಮಾರುವವರು 'ಇದರಲ್ಲಿ ಒಂದು ದಿನವೂ ಭಾರ ಎಳೆದಿಲ್ಲ, ಸುಮ್ನೆ ಮನೆಗೆ ಓಡಾಡಿದ್ದು' ಅಂತಾರೆ. ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತೆ?

ಉತ್ತರ: ಗಾಡಿಯನ್ನೇ ಕೇಳಿ, ಅದು ಹೇಳುತ್ತೆ. ಬಗ್ಗಿ ಕೊಕ್ಕೆ ಸಿಕ್ಕಿಸುವ ಚೌಕ ಕೊಳವೆಯ ಒಳಗೆ ಬೆರಳಾಡಿಸಿ. ಬಣ್ಣ ಸವೆದು ಕಬ್ಬಿಣ ಹೊಳೀತಿದ್ದರೆ ಅಲ್ಲಿ ಏನೋ ಜಗ್ಗಾಡಿದೆ. ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಸ್ಕ್ರೂ ತೂತು ಇದ್ದರೆ ಟ್ರೇಲರ್ ಬ್ರೇಕಿನ ಡಬ್ಬಿ ಕೂರಿಸಿ ಆಮೇಲೆ ಬಿಚ್ಚಿರಬಹುದು. ಸಮ ನೆಲದಲ್ಲಿ ಖಾಲಿ ನಿಂತಾಗಲೂ ಗಾಡಿಯ ಹಿಂಭಾಗ ಕೂತಂತಿದ್ದರೆ ಲೀಫ್ ಸ್ಪ್ರಿಂಗ್ ಪ್ಲೇಟುಗಳು ಸೋತಿವೆ. ಭಾರ ಎಳೆದಿದ್ದು ತಪ್ಪೇನಲ್ಲ, ಅದಕ್ಕೇ ಮಾಡಿದ ಗಾಡಿ. ಎಳೆದಿದ್ದೇವೆ, ಇಗೋ ಸರ್ವಿಸ್ ಬಿಲ್ಲುಗಳು ಅನ್ನೋರ ಗಾಡಿ ನನಗೆ ಇಷ್ಟ. ಎಳೆದು ಎಳೆದಿಲ್ಲ ಅಂದರೆ ಇನ್ನೇನು ಮುಚ್ಚಿಟ್ಟಿದ್ದಾರೋ ಅನ್ನೋ ಅನುಮಾನ ಶುರುವಾಗುತ್ತೆ.

ಆಮೇಲೆ ಅಡಿಗೆ ನುಸುಳಿ, ಬಟ್ಟೆ ಕೊಳೆಯಾದರೆ ಆಗಲಿ. ನಾನು ಒಮ್ಮೆ ನುಸುಳದೆ ಪಾಠ ಕಲಿತೆ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ಪರವಾಗಿಲ್ಲ, ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಖುಷಿಪಟ್ಟು ದುಡ್ಡು ಎಣಿಸಿಕೊಟ್ಟೆ, ಮೂರು ತಿಂಗಳಿಗೆ ಲೀಫ್ ಸ್ಪ್ರಿಂಗ್ ಹಿಡಿದಿದ್ದ ಬ್ರಾಕೆಟ್ ತುಕ್ಕು ತಿಂದು ಬಿಸ್ಕತ್ತಿನ ಥರ ಮುರಿದು ಕೈಗೆ ಬಂತು. ಈಗ ಹೊಸ ಕಪ್ಪು ಬಣ್ಣ ಕಂಡರೆ ಸ್ಕ್ರೂಡ್ರೈವರ್ ಹಿಡಿ ತಿರುಗಿಸಿ ಟಕ್ ಟಕ್ ಅಂತ ಬಡಿದು ನೋಡ್ತೀನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ. ತುಕ್ಕು ತಿಂದದ್ದು ದಪ್ ಅನ್ನುತ್ತೆ, ಪದರ ಉದುರುತ್ತೆ. ಬ್ರಾಕೆಟ್‌ಗಳು, ಅಡ್ಡ ಪಟ್ಟಿಗಳು, ಬ್ರೇಕ್ ಪೈಪು, ಇವಿಷ್ಟು ನೋಡಲೇಬೇಕು. ಎಂಜಿನ್ ರಿಪೇರಿ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿ ತುಕ್ಕು ತಿಂದಿದ್ದರೆ ಮಾತ್ರ ನಮಸ್ಕಾರ ಹೇಳಿ ಬನ್ನಿ, ಎಷ್ಟೇ ಕಡಿಮೆಗೆ ಕೊಟ್ಟರೂ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. 'ನೀವು ಬರೋ ಮುಂಚೆ ಸ್ವಲ್ಪ ಬಿಸಿ ಮಾಡಿಟ್ಟಿದ್ದೆ' ಅಂದರೆ ನಾಳೆ ಬರ್ತೀನಿ ಅನ್ನಿ. ಹೊಗೆ ನೀಲಿ ಬಂದರೆ ಆಯಿಲ್ ಸುಡ್ತಿದೆ. ಬಿಳಿ ಹೊಗೆ ನಿಲ್ಲದೆ ಬರ್ತಾ ಸಿಹಿ ವಾಸನೆ ಹೊಡೆದರೆ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ಹೋಗ್ತಿದೆ, ಅಂದರೆ ಎಂಜಿನ್ನಿನ ಎರಡು ಭಾಗಗಳ ನಡುವೆ ಸೋರದಂತೆ ಹಿಡಿಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಚಳಿಯಲ್ಲಿ ಮೊದಲ ಒಂದೆರಡು ನಿಮಿಷದ ಬಿಳಿ ಆವಿಗೆ ಹೆದರಬೇಡಿ, ಅದು ನೀರು.

ಮೀಟರ್ ತಿರುಗಿಸಿದ್ದಾರಾ ಅನ್ನೋ ಭಯ ಎಲ್ಲರಿಗೂ ಇದೆ. 60,000 ಕಿಮೀ ತೋರಿಸುವ ಗಾಡಿಯ ಬ್ರೇಕ್ ಪೆಡಲ್ ರಬ್ಬರ್ ಪೂರ್ತಿ ನುಣ್ಣಗಾಗಿದ್ದರೆ ಯಾರೋ ಸುಳ್ಳು ಹೇಳ್ತಿದ್ದಾರೆ. ಕೆಲವು ಪಿಕಪ್‌ಗಳಲ್ಲಿ ಎಂಜಿನ್ ಓಡಿದ ಗಂಟೆಗಳ ಲೆಕ್ಕವೂ ಸಿಗುತ್ತೆ, ಅದು ಚಿನ್ನದಂಥ ಮಾಹಿತಿ. 2,00,000 ಕಿಮೀ, 8000 ಗಂಟೆ ಅಂತಿದ್ದರೆ ಭಾಗಿಸಿ ನೋಡಿ, ಗಂಟೆಗೆ ಬರೀ 25 ಕಿಮೀ. ಆ ಗಾಡಿ ಹೆದ್ದಾರಿಯಲ್ಲಿ ಓಡಿದ್ದಕ್ಕಿಂತ ನಿಂತಲ್ಲೇ ಗುರುಗುಟ್ಟಿದ್ದು ಜಾಸ್ತಿ. ಇನ್ನೊಂದು, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ತಪ್ಪು ಕೋಡ್ ಇಲ್ಲ ಅಂದ ಮಾತ್ರಕ್ಕೆ ಬೀಗಬೇಡಿ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ರೆಡಿ ಇಲ್ಲ ಅಂತ ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಿ.

ಪ್ರಶ್ನೆ: ಆಟೊಮ್ಯಾಟಿಕ್ ಗೇರ್ ಭಾರ ಎಳೆಯೋಕೆ ಆಗಲ್ಲ, ಮ್ಯಾನ್ಯುಯಲ್ಲೇ ಬೇಕು ಅಂತ ನಮ್ಮ ಮಾವ ಹಠ ಹಿಡಿದಿದ್ದಾರೆ.

ಉತ್ತರ: ಮಾವನವರ ಕಾಲಕ್ಕೆ ಆ ಮಾತು ತಕ್ಕಮಟ್ಟಿಗೆ ಸರಿ ಇದ್ದಿರಬಹುದು. ಈಗ ಬಹಳಷ್ಟು ಪಿಕಪ್‌ಗಳಲ್ಲಿ ಆಟೊಮ್ಯಾಟಿಕ್‌ಗೇ ಎಳೆಯುವ ಮಿತಿ ಜಾಸ್ತಿ. ಅದರ ಶತ್ರು ಬಿಸಿ ಒಂದೇ. ಏರಿನಲ್ಲಿ ಭಾರ ಎಳೆಯುವಾಗ ಗೇರ್ ಆಯಿಲ್ ಕಾದು ಕಾದು ಕೆಡುತ್ತೆ, ಆಮೇಲೆ ಒಳಗಿನ ಕ್ಲಚ್ ಪ್ಲೇಟುಗಳು ಜಾರೋಕೆ ಶುರು. ಡಿಪ್‌ಸ್ಟಿಕ್ ಇದ್ದರೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕೆಂಪಗೆ, ತಿಳಿಯಾಗಿದ್ದರೆ ಒಳ್ಳೇದು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕೆಟ್ಟದ್ದು. ನಸುಗೆಂಪು ಮಿಲ್ಕ್‌ಶೇಕ್ ಥರ ಇದ್ದರೆ ರೇಡಿಯೇಟರ್ ಒಳಗೆ ಕೂಲೆಂಟ್, ಗೇರ್ ಆಯಿಲ್ ಎರಡೂ ಬೆರೆತಿವೆ, ಅಲ್ಲಿಂದ ಓಡಿ. ಗೇರ್ ಆಯಿಲ್‌ಗೆ ಬೇರೆ ಕೂಲರ್ ಇರುವ ಗಾಡಿ ಸಿಕ್ಕರೆ ಅದನ್ನೇ ಆರಿಸಿ. ಕಂಪನಿಯೇ ಎಳೆಯೋಕೆ ಅಂತ ಸಜ್ಜು ಮಾಡಿ ಕೊಟ್ಟ ಗಾಡಿಯಲ್ಲಿ ಸಾಮಾನ್ಯವಾಗಿ ಅದೂ ಇರುತ್ತೆ, ಟ್ರೇಲರ್ ವೈರಿಂಗೂ ಇರುತ್ತೆ.

ಮ್ಯಾನ್ಯುಯಲ್ಲೇ ಅಂದರೆ ಟಾಪ್ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗು ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ. ಅಂದಹಾಗೆ ಮಾವನವರಿಗೆ ಇದನ್ನೂ ಹೇಳಿ: ನೋಡೋಕೆ ಒಂದೇ ಥರದ ಎರಡು ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗೋಕೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗುತ್ತೆ ಅನ್ನೋದು) ಒಂದರಲ್ಲಿ 3.21, ಇನ್ನೊಂದರಲ್ಲಿ 3.92 ಇರಬಹುದು. ದೊಡ್ಡ ಅಂಕಿಯದ್ದು ಭಾರಕ್ಕೆ ಒಳ್ಳೇದು, ಇಂಧನ ಸ್ವಲ್ಪ ಜಾಸ್ತಿ ಕುಡಿಯುತ್ತೆ. ಅಷ್ಟಕ್ಕೇ ಎಳೆಯುವ ಮಿತಿಯಲ್ಲಿ ನೂರಾರು ಕೆಜಿ ವ್ಯತ್ಯಾಸ ಬರುತ್ತೆ.

ಪ್ರಶ್ನೆ: ಡೀಸೆಲ್ಲೋ ಪೆಟ್ರೋಲೋ? ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಎಳೆಯೋದು.

ಉತ್ತರ: ಹಾಗಾದರೆ ಪೆಟ್ರೋಲ್. ಡೀಸೆಲ್ ಎಳೆಯೋದರಲ್ಲಿ ರಾಜ, ಒಪ್ಪಿದೆ. ಆದರೆ ಹಳೇ ಡೀಸೆಲ್‌ನ ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಟರ್ಬೊ, ಇವುಗಳಲ್ಲಿ ಒಂದು ಕೈಕೊಟ್ಟರೂ ನಿಮ್ಮ ಬಜೆಟ್ ಮಲಗುತ್ತೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯಾದರೆ ದಿನಾ ಐದು ನಿಮಿಷದ ಓಡಾಟಕ್ಕೆ ಅದು ಬಿಸಿಯೇ ಆಗದೆ ಕಟ್ಟಿಕೊಳ್ಳುತ್ತೆ. ವಾರ ವಾರ ದೂರ ಎಳೆಯೋರಿಗೆ ಡೀಸೆಲ್ ಸರಿ. ತಗೊಳ್ಳೋದೇ ಆದರೆ ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬೋರಲಾಗಿ ಅಲ್ಲೇ ಇಡಿ. ಸ್ವಲ್ಪ ಅಲುಗಾಡಿದರೆ ಸರಿ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಎತ್ತರದ ಬೆಟ್ಟ ಹತ್ತುವವರು ಇದೊಂದು ನೆನಪಿಡಿ: ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತೆ.

ಪ್ರಶ್ನೆ: ನೀವು ಅದು ನೋಡಿ ಇದು ನೋಡಿ ಅಂತ ಪಟ್ಟಿ ಕೊಡ್ತೀರಿ, ಇರೋ ದುಡ್ಡಲ್ಲಿ ಎಲ್ಲ ಸರಿ ಇರೋ ಗಾಡಿ ಸಿಗಲ್ಲ ಸ್ವಾಮಿ. ಹಳೇ ದೊಡ್ಡ ಗಾಡಿ ತಗೊಳ್ಳಲಾ, ಸ್ವಲ್ಪ ಹೊಸ ಚಿಕ್ಕ ಗಾಡಿ ತಗೊಳ್ಳಲಾ? ಅಷ್ಟು ಹೇಳಿ ಸಾಕು.

ಉತ್ತರ: ಕೋಪ ಬೇಡ, ನೀವು ಹೇಳೋದೂ ಸರಿ. ಎಳೆಯೋಕೇ ಅಂತಾದರೆ ಹಳೇ ದೊಡ್ಡ ಗಾಡಿ. ಚಿಕ್ಕ ಗಾಡಿ ತನ್ನ ಮಿತಿಯ ಅಂಚಿನಲ್ಲೇ ಏದುಸಿರು ಬಿಡ್ತಾ ದುಡಿದರೆ ಅದರ ಹೊಸತನ ಎರಡು ವರ್ಷಕ್ಕೆ ಮುಗಿಯುತ್ತೆ. ದೊಡ್ಡದರ ಬ್ರೇಕ್ ದೊಡ್ಡದು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಜಾಸ್ತಿ, ಟ್ರೇಲರ್ ಅದನ್ನು ಅಲ್ಲಾಡಿಸೋದು ಕಷ್ಟ. ಸೀಟು ಹರಿದಿರಲಿ, ಬಣ್ಣ ಮಾಸಿರಲಿ, ಡೋರಿಗೆ ಗುದ್ದು ಬಿದ್ದಿರಲಿ, ಅದರ ನೆಪದಲ್ಲಿ ಚೌಕಾಸಿ ಮಾಡಿ.

ಆದರೆ ಇರೋ ದುಡ್ಡೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಎತ್ತಿಡಿ. ಅದರಲ್ಲಿ ಮೊದಲು ಬ್ರೇಕ್ ಮಾಡಿಸಿ. ಯಾಕೆ ಅಂದರೆ, ವೇಗ 80ರಿಂದ 100ಕ್ಕೆ ಏರಿದರೆ ನಿಲ್ಲಿಸೋಕೆ ಬ್ರೇಕು ತಿನ್ನಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತೆ, ಹಿಂದೆ ಎರಡೂವರೆ ಟನ್ ತಳ್ಳಿಕೊಂಡು ಬರ್ತಿದ್ದರೆ ನೀವೇ ಊಹಿಸಿ. ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು. ಅನೇಕ ದೇಶಗಳಲ್ಲಿ 750 ಕೆಜಿ ದಾಟಿದರೆ ಅದು ಕಾನೂನು. ಎರಡನೇದು ಟೈರು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ನೇ ವರ್ಷದ 23ನೇ ವಾರ ತಯಾರಾಗಿದ್ದು. ಟೈರಿನ ಮೇಲಿನ ಗೆರೆಗಳು ಆಳವಾಗೇ ಇದ್ದರೂ ಹತ್ತು ವರ್ಷದ ಟೈರ್ ಮೇಲೆ ಭಾರ ಎಳೆಯಬೇಡಿ. ಮೂರನೇದು ಎಲ್ಲ ಆಯಿಲ್‌ಗಳು, ಕೂಲೆಂಟ್, ಹಿಂದಿನ ಡಿಫರೆನ್ಷಿಯಲ್ ಆಯಿಲ್ ಕೂಡ, ಅದನ್ನು ಬಹಳ ಜನ ಮರೆತೇಬಿಡ್ತಾರೆ. ಮ್ಯೂಸಿಕ್ ಸಿಸ್ಟಮ್ಮು ಆಮೇಲೆ.

ಪ್ರಶ್ನೆ: ನಾನು ಆಗಲೇ ಕೊಂಡಾಯ್ತು. 80 ದಾಟಿದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತೆ. ಗಾಡಿ ಸರಿ ಇಲ್ವಾ?

ಉತ್ತರ: ಗಾಡಿ ಬೈಯೋ ಮುಂಚೆ ಟ್ರೇಲರ್ ಬಾಗಿಲು ತೆಗೆದು ನೋಡಿ. ಭಾರದ ಸಾಮಾನು ಹಿಂದೆ ಇಟ್ಟಿದ್ದೀರಿ ಅನಿಸುತ್ತೆ. ಅರ್ಧಕ್ಕಿಂತ ಜಾಸ್ತಿ, ನೂರಕ್ಕೆ 60ರಷ್ಟು ಭಾರ ಟ್ರೇಲರ್‌ನ ಮುಂಭಾಗದಲ್ಲಿರಲಿ. ಟೈರ್ ಗಾಳಿ ನೋಡಿ. ಆಮೇಲೆ ವೇ ಬ್ರಿಡ್ಜ್‌ಗೆ ಹೋಗಿ ಎರಡನ್ನೂ ತೂಗಿಸಿ. ಅಷ್ಟರವರೆಗೆ 80 ದಾಟಬೇಡಿ. ದಾರಿಯಲ್ಲಿ ಮತ್ತೆ ಓಲಾಡೋಕೆ ಶುರುವಾದರೆ ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೀರಿಂಗ್ ಆಕಡೆ ಈಕಡೆ ಎಳೆದಾಡಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಟ್ರೇಲರ್ ಬ್ರೇಕಿಗೆ ಕೈ ಸ್ವಿಚ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಒತ್ತಿ. ತೂಕ ಎಷ್ಟು ಬಂತು ಅಂತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕೋಣ.