ಸಣ್ಣದಕ್ಕೂ ಹೆದರುವವರನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಪುಕ್ಕಲ ಎನ್ನಲು ನೇರವಾಗಿ ‘ಕೌವರ್ಡ್’ ಬಳಸಬೇಡಿ, ಅದು ಬೈಗುಳದಷ್ಟೇ ಕಟು. ಸ್ವಭಾವತಃ ಅಂಜುವವರಿಗೆ ‘ಟಿಮಿಡ್’ ಸಾಕು. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಹಾರ್ನ್‌ಗೇ ಬೆಚ್ಚಿಬೀಳುವವರು ‘ಜಂಪಿ’. ‘ಸ್ಕಿಟಿಶ್’ ಕುದುರೆಗಳಿಗೆ ಹೆಚ್ಚು ಬಳಕೆ, ಮನುಷ್ಯರಿಗೂ ಸಲ್ಲುತ್ತದೆ. ತನ್ನ ನೆರಳಿಗೇ ಹೆದರುತ್ತಾನೆ ಎನ್ನಲು ‘ಹಿ ಈಸ್ ಅಫ್ರೇಡ್ ಆಫ್ ಹಿಸ್ ಓನ್ ಶ್ಯಾಡೋ’. ನಮ್ಮ ಮಾತಿಗೆ ಸರಿಜೋಡಿ! ‘ಸ್ಕೇರ್ಡಿ ಕ್ಯಾಟ್’ ಮಕ್ಕಳ ಕೀಟಲೆ.

ಎಡವುವುದು ‘ಕೋಲ್ಡ್ ಫೀಟ್’ನಲ್ಲಿ. ಅದು ಸ್ವಭಾವವಲ್ಲ, ಮದುವೆಗೋ ಹೊಸ ಕೆಲಸಕ್ಕೋ ಒಪ್ಪಿಕೊಂಡವರಿಗೆ ಕೊನೇ ಗಳಿಗೆಯಲ್ಲಿ ಧೈರ್ಯ ಕುಸಿಯುವುದು. ಹಾಗಾಗಿ ‘ಹಿ ಗಾಟ್ ಕೋಲ್ಡ್ ಫೀಟ್’ ಸರಿ, ‘ಹಿ ಈಸ್ ಕೋಲ್ಡ್ ಫೀಟ್’ ತಪ್ಪು. ಅದೇ ಅರ್ಥಕ್ಕೆ ‘ಚಿಕನ್ಡ್ ಔಟ್’ ಕೂಡ ಇದೆ, ಆದರೆ ಅದರಲ್ಲಿ ಹೀಯಾಳಿಕೆ ಬೆರೆತಿದೆ.

ಆಫೀಸಿನ ಅಪ್ರೈಸಲ್‌ನಲ್ಲಿ ಇವ್ಯಾವುದೂ ಬೇಡ. ‘ಹೆಸಿಟೆಂಟ್’ ಎಂದು ಬರೆಯಿರಿ.