ಇಬ್ಬರ ಪಾಲಿನ ಅಳು

'ಮನೆಯಲ್ಲಿ ಯಿನ್ ಜಾಸ್ತಿ ಆಗಿದೆ ಮೇಡಂ. ಕಡಿಮೆ ಮಾಡೋಕೆ ಏನಾದ್ರೂ ಹೇಳಿ.'

ಸಲಹೆ ಕೇಳಲು ನನ್ನ ಬಳಿ ಬರುವವರಿಂದ ಇಂಥ ಮಾತು ಈಚೆಗೆ ಪದೇ ಪದೇ ಕೇಳುತ್ತಿದ್ದೇನೆ. ಚೀನೀ ತತ್ವದಲ್ಲಿ ಯಿನ್ ಅಂದ್ರೆ ಕತ್ತಲು, ನಿಶ್ಚಲತೆಯ ಕಡೆ; ಯಾಂಗ್ ಅಂದ್ರೆ ಬೆಳಕು, ಚಲನೆಯ ಕಡೆ. ಆದರೆ ಇವರು ಯಿನ್ ಅಂದ್ರೆ ನೆಗೆಟಿವ್, ಯಾಂಗ್ ಅಂದ್ರೆ ಪಾಸಿಟಿವ್ ಅಂತ ಎಲ್ಲೋ ಕಲಿತು ಬಂದಿರುತ್ತಾರೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬಂದವರು ನಲವತ್ತರ ಆಸುಪಾಸಿನ ಗಂಡಸು. ತಂದೆ ತೀರಿಕೊಂಡು ಕೆಲವು ತಿಂಗಳಾಗಿತ್ತು. ಆಮೇಲೆ ಅಧ್ಯಾತ್ಮದ ಕಡೆ ವಾಲಿದ್ದರು. ಬೆಳಗಿನ ಬಿಸಿಲು, ಓಟ, ಉಸಿರಾಟದ ಅಭ್ಯಾಸ, ಫ್ರಿಜ್ ಮೇಲೆ ಯಿನ್ ಯಾಂಗ್‌ನ ಆ ಕಪ್ಪು ಬಿಳುಪು ಚಕ್ರದ ಸ್ಟಿಕ್ಕರ್. ಇದರಲ್ಲಿ ತಪ್ಪೇನಿಲ್ಲ. ಅವರ ದೂರೆಲ್ಲ ಅಮ್ಮನ ಮೇಲೆ. ಸಂಜೆಯಾದರೆ ಅಮ್ಮ ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಸುಮ್ನೆ ಕೂರುತ್ತಾರೆ. ಮಗ ಬಂದು ಹಾಕುತ್ತಾರೆ. ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಮತ್ತೆ ಆರಿರುತ್ತದೆ. ಜಗಳವಿಲ್ಲ, ಮಾತಿಲ್ಲ, ಬರೀ ಸ್ವಿಚ್ಚಿನ ಸದ್ದು. ಗೋಡೆಯ ಮೇಲಿದ್ದ ತಂದೆಯ ಫೋಟೊವನ್ನೂ ಮಗ ಇಳಿಸಿ ಬೀರುವಿನಲ್ಲಿಟ್ಟಿದ್ದರು. ಅದನ್ನು ನೋಡಿದಾಗೆಲ್ಲ ಅಮ್ಮ ಡಲ್ ಆಗ್ತಾರೆ ಅನ್ನುವುದು ಕಾರಣ.

ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬನ್ನಿ ಅಂದೆ. ಬಂದರು. ಕುರ್ಚಿಯ ತುದಿಯಲ್ಲಿ ಕೂತರು, ಕೈಚೀಲ ಮಡಿಲಲ್ಲೇ ಇತ್ತು. ಊಟ, ನಿದ್ದೆ, ದೇವಸ್ಥಾನ, ಪಕ್ಕದ ಮನೆಯವರ ಜೊತೆ ಮಾತು ಎಲ್ಲ ವಿಚಾರಿಸಿದೆ. ಎಲ್ಲವೂ ನಡೆಯುತ್ತಿತ್ತು. ಇದು ಕಾಯಿಲೆಯಲ್ಲ, ದುಃಖ. ಆಮೇಲೆ ಕೇಳಿದೆ, 'ಅಮ್ಮಾ, ಫೋಟೊ ಎಲ್ಲಿದೆ ಅಂತ ಗೊತ್ತಾ?'

'ಗೊತ್ತು. ಸ್ವೆಟರ್ ಕೆಳಗೆ ಇಟ್ಟಿದ್ದಾನೆ. ಇವನು ಆಫೀಸಿಗೆ ಹೋದ ಮೇಲೆ ತೆಗೆದು ಒರೆಸಿ, ಹಾಗೇ ಇಡ್ತೀನಿ.'

ಮಗ ತಿರುಗಿ ನೋಡಿದರು. 'ಯಾಕಮ್ಮಾ ನಂಗೆ ಹೇಳ್ಲಿಲ್ಲ?'

'ನೀನು ಒಂದು ದಿನ ಅಳ್ತೀಯ ಅಂತ ಕಾದೆ. ಅಳ್ಲೇ ಇಲ್ಲ. ಇಬ್ಬರ ಪಾಲಿಂದೂ ನಾನೇ ಅಳ್ತಾ ಇದೀನಿ ಕಣೋ.'

ಅವರು ಅಮ್ಮನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿ, 'ಮನೇಲಿ ಒಬ್ಬರಾದ್ರೂ ಗಟ್ಟಿಯಾಗಿ ಇರ್ಬೇಕಲ್ವಾ ಮೇಡಂ?' ಅಂದರು. ದನಿ ಒಡೆದಿತ್ತು.

ಆಗಲೇ ನಾನು ಯಿನ್ ಯಾಂಗ್ ಮಾತು ಎತ್ತಿದ್ದು. 11ನೇ ಶತಮಾನದ ಚೀನೀ ಚಿಂತಕ ಝೌ ದುನ್‌ಯಿ ಹೇಳುವ ಪ್ರಕಾರ ಚಲನೆಯಿಂದ ಯಾಂಗ್ ಹುಟ್ಟುತ್ತದೆ. ಚಲನೆ ತುತ್ತತುದಿ ಮುಟ್ಟಿದರೆ ನಿಶ್ಚಲವಾಗುತ್ತದೆ, ಅದರಿಂದ ಯಿನ್. ಅದೂ ತುದಿ ಮುಟ್ಟಿದರೆ ಮತ್ತೆ ಚಲನೆ. ಒಂದನ್ನು ಓಡಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ಲೆಕ್ಕವೇ ಅಲ್ಲಿಲ್ಲ. ಚೀನಾದ ಹಳೆಯ ಗ್ರಂಥ ಐ ಚಿಂಗ್‌ನಲ್ಲಿ ಆರಾರು ಗೆರೆಗಳ ಚಿಹ್ನೆಗಳಿವೆ, ಅದರಲ್ಲಿ 24ನೆಯದರ ಬಗ್ಗೆಯೂ ಹೇಳಿದೆ. ಮೇಲೆ ಐದು ಯಿನ್ ಗೆರೆ, ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಯಾಂಗ್ ಗೆರೆ. ಬೆಳಕು ಮರಳುವ ಹೊತ್ತು ಅದು, ಡಿಸೆಂಬರಿನ ಅತಿ ದೀರ್ಘ ರಾತ್ರಿಯ ಕಾಲಕ್ಕೆ ಹೊಂದಿಸಿದ್ದು. ಆ ದಿನ ಹಿಂದಿನ ರಾಜರು ಗಡಿಬಾಗಿಲು ಮುಚ್ಚಿಸುತ್ತಿದ್ದರು, ವ್ಯಾಪಾರಿಗಳು ಪ್ರಯಾಣ ಮಾಡುತ್ತಿರಲಿಲ್ಲ ಅಂತ ಹಳೆಯ ವ್ಯಾಖ್ಯಾನದಲ್ಲಿದೆ. ಬೆಳಕು ಬರಲಿ ಅಂತ ಯಾರೂ ಓಡಾಡುತ್ತಿರಲಿಲ್ಲ. ಸುಮ್ಮನೆ ಇರುತ್ತಿದ್ದರು.

ನಿಜ, ಚೀನಾದಲ್ಲೂ ಯಾಂಗ್ ಮೇಲು, ಯಿನ್ ಕೀಳು ಅಂದವರಿದ್ದಾರೆ. ಹಾನ್ ರಾಜವಂಶದ ಕಾಲದ ಚಿಂತಕ ದೋಂಗ್ ಝೋಂಗ್‌ಶು ಅಂಥವನು. ಗಂಡ ಮೇಲು, ಹೆಂಡತಿ ಕೆಳಗೆ ಅನ್ನುವುದಕ್ಕೂ ಅದೇ ಆಧಾರವಾಯಿತು. ಇವತ್ತು ಕೆಲವು ಶಿಬಿರಗಳಲ್ಲಿ ಹೆಂಗಸರಿಗೆ 'ನಿಮ್ಮಲ್ಲಿ ಯಾಂಗ್ ಜಾಸ್ತಿ, ಸ್ವಲ್ಪ ತಗ್ಗಿ' ಅನ್ನುವುದು ಕೇಳಿದಾಗ ನನಗೆ ಅವನೇ ನೆನಪಾಗುತ್ತಾನೆ.

ಈ ಚೀನೀ ತತ್ವವನ್ನೆಲ್ಲ ಪಕ್ಕಕ್ಕಿಡಿ ಅಂತ ಹೇಳಬಹುದಿತ್ತಲ್ಲ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳಬಹುದಿತ್ತು. ಆದರೆ ತಂದೆ ಹೋದ ಮೇಲೆ ಆ ಮನುಷ್ಯ ಹಿಡಿದುಕೊಂಡು ನಿಂತದ್ದೇ ಅದನ್ನು. ನಿಂತ ಆಧಾರ ಕಿತ್ತುಕೊಳ್ಳುವುದು ನನ್ನ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಅವರು ಹಿಡಿದದ್ದು ಅರ್ಧ ಮಾತ್ರ, ಉಳಿದರ್ಧ ತೋರಿಸಿದರೆ ಸಾಕಿತ್ತು. ಅದೂ ಅಮ್ಮ ಬಾಯಿ ಬಿಟ್ಟ ಮೇಲೆ. ಮೊದಲ ದಿನವೇ ಝೌ ದುನ್‌ಯಿ ಅಂದಿದ್ದರೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಕೊಟ್ಟ ಸಲಹೆ ಸಣ್ಣದು. ಬೆಳಗಿನ ಓಟ ಬಿಡಬೇಡಿ. ಸಂಜೆ ಅರ್ಧ ಗಂಟೆ ಟ್ಯೂಬ್‌ಲೈಟ್ ಹಾಕದೆ ಅಮ್ಮನ ಜೊತೆ ಕೂರಿ. ಸಮಾಧಾನ ಹೇಳಬೇಡಿ, ಫೋನ್ ಬೇರೆ ಕೋಣೆಯಲ್ಲಿರಲಿ. ಫೋಟೊ ಎಲ್ಲಿರಬೇಕು ಅಂತ ಅಮ್ಮ ಹೇಳಲಿ.

ಫೋಟೊ ಈಗ ಊಟದ ಮೇಜಿನ ಎದುರಿದೆಯಂತೆ. ಮಗ ಈಗಲೂ 'ಎನರ್ಜಿ' ಅಂತಲೇ ಮಾತಾಡುತ್ತಾರೆ, ನಾನು ತಿದ್ದಲು ಹೋಗಿಲ್ಲ.

ಓದುವವರಿಗೆ ಒಂದು ಎಚ್ಚರಿಕೆ. ಕತ್ತಲಲ್ಲಿ ಕೂರುವ ಎಲ್ಲರೂ ಈ ಅಮ್ಮನ ಹಾಗಿರುವುದಿಲ್ಲ. ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಯಾರ ಜೊತೆಗೂ ಮಾತು ಬೇಡವಾದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರಂತೂ ಕಾಯಲೇಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.